ಮಧ್ಯಯುಗದ ರೈತ ವರ್ಷಕ್ಕೆ ಬರೀ 150 ದಿನ ದುಡೀತಿದ್ನಂತೆ, ನಿಜವಾ?

ರಾತ್ರಿಪಾಳಿ
ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆಯಿಂದ ಒಂದು ಚಿತ್ರ ಓಡಾಡ್ತಿದೆ. ಕೈಯಲ್ಲಿ ಕುಡುಗೋಲು ಹಿಡಿದ ಗಡ್ಡದ ರೈತ, ಕೆಳಗೆ ದೊಡ್ಡಕ್ಷರದಲ್ಲಿ "ಮಧ್ಯಯುಗದ ಇಂಗ್ಲೆಂಡಿನಲ್ಲಿ ಜೀತದ ರೈತ ವರ್ಷಕ್ಕೆ 150 ದಿನ ಮಾತ್ರ ದುಡಿಯುತ್ತಿದ್ದ. ನೀನು?" ಅಂತ. ಶನಿವಾರವೂ ಲಾಗಿನ್ ಆಗಿ ಕೂತವನಿಗೆ ಹೊಟ್ಟೆ ಉರಿಯದೆ ಇನ್ನೇನಾಗುತ್ತೆ?

ಆದ್ರೆ ನಾನು ಹೈಸ್ಕೂಲಲ್ಲಿ ಓದಿದ್ದು ಬೇರೆ. ಊಳಿಗಮಾನ್ಯ ಪದ್ಧತಿ ಅಂದ್ರೆ ಒಂದು ಪಿರಮಿಡ್. ತುದಿಯಲ್ಲಿ ರಾಜ, ಆಮೇಲೆ ಶ್ರೀಮಂತರು, ನೈಟ್‌ಗಳು, ತಳದಲ್ಲಿ ಚಾಟಿಯೇಟು ತಿನ್ನೋ ಬಡಪಾಯಿ. ಪಿರಮಿಡ್ ನೀಟಾಗಿ ಬರೆದ್ರೆ ಪೂರ್ತಿ ಅಂಕ. ಇವೆರಡರಲ್ಲಿ ಯಾವುದು ಸರಿ? ಮ್ಯಾನರ್ ಅಂತಾರಲ್ಲ, ಒಬ್ಬ ಧಣಿಯ ಕೈಕೆಳಗಿನ ಜಮೀನು, ಅಲ್ಲಿ ಜನ ದಿನಾ ಹೇಗೆ ಬದುಕ್ತಿದ್ರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕಾಫಿಪುಡಿ
ಅವನಿಗೆ ಅಪ್ರೈಸಲ್ ಇರಲಿಲ್ಲ, ಪ್ಲೇಗ್ ಇತ್ತು. ಯಾವುದು ಬೇಕೋ ಆರಿಸ್ಕೊಳ್ಳಿ.

ಹಳೇಕಡತ
ಮೊದಲು ಆ 150ರ ಮೂಲ ಹೇಳ್ತೀನಿ. ಗ್ರೆಗರಿ ಕ್ಲಾರ್ಕ್ ಅನ್ನೋ ಆರ್ಥಿಕ ಇತಿಹಾಸಕಾರರು 1986ರಲ್ಲಿ ಮಾಡಿದ್ದ ಒಂದು ಅಂದಾಜು ಅದು, ಅಚ್ಚಾಗದ ಲೇಖನದಲ್ಲಿತ್ತು. ಒಂದು ಅಮೆರಿಕನ್ ಪುಸ್ತಕ ಅದನ್ನ ಎತ್ತಿಕೊಳ್ತು, ಪುಸ್ತಕದಿಂದ ಇಂಟರ್ನೆಟ್ಟಿಗೆ ಬಂತು. ಈಗ ಅದೇ ಕ್ಲಾರ್ಕ್ 300 ದಿನದ ಹತ್ತಿರ ಅಂತಿದ್ದಾರೆ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಇನ್ನೊಂದು ವಿಷಯ. 13ನೇ ಶತಮಾನದ ಇಂಗ್ಲೆಂಡಿನಲ್ಲಿ ಸುಮಾರು 30 ಎಕರೆ ಹಿಡುವಳಿ ಇದ್ದ ವಿಲನ್, ಅಂದ್ರೆ ಜಮೀನಿಗೆ ಕಟ್ಟುಬಿದ್ದ ರೈತ, ವಾರಕ್ಕೆ ಎರಡೋ ಮೂರೋ ದಿನ ಧಣಿಯ ಸ್ವಂತ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಬೇಕಿತ್ತು. ಧಣಿಯ ಲೆಕ್ಕದ ಪುಸ್ತಕದಲ್ಲಿ ಬರೋದು ಆ ದಿನಗಳು ಮಾತ್ರ. ಮಿಕ್ಕ ದಿನ ಅವನು ತನ್ನ 30 ಎಕರೆಯಲ್ಲಿ ಬೆನ್ನು ಮುರ್ಕೊಂಡಿದ್ದು ಯಾರ ಪುಸ್ತಕದಲ್ಲೂ ಇಲ್ಲ. ಇಲ್ಲ ಅಂದ ಮಾತ್ರಕ್ಕೆ ಅದನ್ನ ರಜೆ ಅನ್ನೋಕಾಗುತ್ತಾ?

ಮಂಡ್ಯದ_ಮಗ
ಬುಡಿ ಸಾಮಿ, ಭಾನುವಾರ ರಜೆ, ಚರ್ಚಿನ ಹಬ್ಬಕ್ಕೆಲ್ಲ ರಜೆ, ಕ್ರಿಸ್ಮಸ್ಸಿಗೆ ಹನ್ನೆರಡು ದಿನ ರಜೆ. ಅಷ್ಟಂತೂ ನಿಜ ತಾನೆ? ನಮಗೆ ಅದೂ ಇಲ್ಲ ಕಣ್ರಪ್ಪಾ.

ಹಳೇಕಡತ
@ಮಂಡ್ಯದ_ಮಗ ಹಬ್ಬದ ರಜೆ ನಿಜ. ಆದ್ರೆ ಹಸುಗೆ ಹಬ್ಬ ಗೊತ್ತಿಲ್ವಲ್ಲ. ಹಾಲು ಕರೆಯೋರು, ಹಂದಿ ಮೇಯಿಸೋರು, ಒಲೆ ಹಚ್ಚೋರು ಯಾವ ಸಂತರ ದಿನಾನೂ ಕೂತಿಲ್ಲ. ಅದರಲ್ಲೂ ಹೆಂಗಸರು.

ಲೀಡ್ಸ್_ಕನ್ನಡಿಗ
ಸುಮಾರು 1000ದ ಆಸುಪಾಸಿನಲ್ಲಿ ಏಲ್ಫ್ರಿಕ್ ಅನ್ನೋ ಮಠದ ಸನ್ಯಾಸಿ ಹುಡುಗರಿಗೆ ಲ್ಯಾಟಿನ್ ಕಲಿಸೋಕೆ ಒಂದು ಪ್ರಶ್ನೋತ್ತರ ಬರೆದಿದ್ದಾರೆ. ಅದರಲ್ಲಿ ಒಬ್ಬ ಉಳುವವನ ಪಾತ್ರ ಬರುತ್ತೆ. ನಸುಕಿಗೇ ಎತ್ತು ಹೊಡ್ಕೊಂಡು ಹೊಲಕ್ಕೆ ಹೋಗ್ತೀನಿ, ಎಂಥಾ ಚಳಿ ಇದ್ರೂ ಧಣಿಯ ಭಯಕ್ಕೆ ಮನೇಲಿ ಕೂರೋ ಧೈರ್ಯ ಇಲ್ಲ, ದಿನಕ್ಕೆ ಒಂದೆಕರೆ ಉತ್ತೇ ತೀರಬೇಕು ಅಂತಾನೆ. ಜೊತೆಗೆ ಯಾರಾದ್ರೂ ಇದ್ದಾರಾ ಅಂತ ಕೇಳಿದ್ರೆ, ಮುಳ್ಳುಗೋಲು ಹಿಡಿದು ಎತ್ತು ಹೊಡೆಯೋ ಹುಡುಗ ಒಬ್ಬ ಇದ್ದಾನೆ, ಚಳಿಗೂ ಕೂಗಿ ಕೂಗಿಯೂ ಅವನ ಗಂಟಲು ಕಟ್ಟಿಹೋಗಿದೆ ಅಂತಾನೆ. ಯಾಕಿಷ್ಟು ಕಷ್ಟ ಅಂದ್ರೆ, ನಾನು ಸ್ವತಂತ್ರನಲ್ವಲ್ಲ ಅಂತ ಉತ್ತರ.

ಬರೆದಿದ್ದು ರೈತ ಅಲ್ಲ, ಸನ್ಯಾಸಿ. ಅದಕ್ಕೇ ನಂಗೆ ಅದು ಇನ್ನೂ ಜಾಸ್ತಿ ತಟ್ಟಿತು. ಪಾಠ ಕಲಿಯೋ ಹುಡುಗರಿಗೂ ಗೊತ್ತಿದ್ದ ಸಂಗತಿ ಅದು.

ಎರಿಹೊಲ
ನಾ ಗದಗ ಕಡಿಯಾಂವ, ಒಕ್ಕಲುತನ ಮಾಡ್ತೀನ್ರಿ. ನೀವೆಲ್ಲಾ ದಿನದ ಲೆಕ್ಕ ಹಿಡಕೊಂಡು ಕುಂತೀರಿ. ವಾರಕ್ಕ ಎಷ್ಟು ದಿನ ಅನ್ನೂದಲ್ರೀ ಪ್ರಶ್ನೆ, *ಯಾವ* ದಿನ ಅನ್ನೂದು.

ಹಿಂಗಾರಿ ಬಿತ್ತಗಿ ಮಾಡೂ ಮುಂದ ಹೊಲಕ್ಕ ಹದಾ ಬರೂದು ನಾಕೈದು ದಿನ ಅಷ್ಟ. ಅದು ತಪ್ಪಿತಂದ್ರ ಎರಿ ಮಣ್ಣು ಕಲ್ಲಾಗ್ತೈತಿ, ವರ್ಷದ ಕೂಳು ಹೋತು. ಈಗ ಹೇಳ್ರಿ, ಧಣಿ ಹೊಲಕ್ಕ ಹದಾ ಬಂದ ದಿನಾನ ನನ್ನ ಹೊಲಕ್ಕೂ ಬರ್ತೈತಿ ಹೌದಲ್ಲೋ? ಅವತ್ತ ಅಂವಾ "ಬಾ" ಅಂದ್ರ ನಾ ಎಲ್ಲಿ ಹೋಗಬೇಕು? ವರ್ಷಕ್ಕ ಹತ್ತ ದಿನ ಕರದ್ರೂ ಸಾಕು, ಅವು ಆ ಹತ್ತ ದಿನ ಆಗಿದ್ರ ಮುಗೀತು.

ಹಳೇಕಡತ
@ಎರಿಹೊಲ ನೀವು ಹೇಳಿದ್ದೇ ಈ ಚರ್ಚೆಯ ತಿರುಳು. ವಾರದ ಚಾಕರಿ ಬೇರೆ, ಅದರ ಮೇಲೆ ಸುಗ್ಗಿಗೆ ಬೂನ್ ವರ್ಕ್ ಅಂತ ಇನ್ನೊಂದಿತ್ತು. ಹೆಸರಿಗೆ ಪ್ರೀತಿಯಿಂದ ಕೊಡೋ ನೆರವು. ಧಣಿಯ ಗೋಧಿ ಕೊಯ್ಯೋಕೆ ಮನೆಮಂದಿಯೆಲ್ಲ ಬರಬೇಕು, ಕೆಲವು ಕಡೆ ಮನೆಯೊಡತಿಯೊಬ್ಬಳಿಗೆ ಮಾತ್ರ ವಿನಾಯಿತಿ. ಮಳೆ ಬರೋ ಮುಂಚೆ ಧಣಿಯ ಬೆಳೆ ಕಣ ಸೇರಬೇಕು, ನಿಮ್ಮದು ಆಮೇಲೆ. ಬರದಿದ್ದವನ ಹೆಸರು, ತಡವಾಗಿ ಬಂದವನ ಹೆಸರು, ಕೆಟ್ಟದಾಗಿ ಕೊಯ್ದವನ ಹೆಸರು ಮ್ಯಾನರ್ ಕೋರ್ಟಿನ, ಅಂದ್ರೆ ಧಣಿಯದೇ ನ್ಯಾಯಾಲಯದ, ದಾಖಲೆ ಸುರುಳಿಗಳಲ್ಲಿ ಸಾಲುಸಾಲಾಗಿ ಇವೆ, ಪಕ್ಕದಲ್ಲಿ ಎಷ್ಟು ಪೆನ್ನಿ ದಂಡ ಅಂತ.

ಅವತ್ತು ಊಟ ಧಣಿಯದು. ರೊಟ್ಟಿ, ಚೀಸ್, ಮಾಂಸ ಇಲ್ಲಾ ಮೀನು. ಏಲ್ ಅಂದ್ರೆ ಬಾರ್ಲಿಯ ಮದ್ಯ ಕೊಟ್ರೆ "ಒದ್ದೆ" ದಿನ, ಕೊಡದಿದ್ರೆ "ಒಣ" ದಿನ. ಒಣ ದಿನ ಅಂತ ಕರೆಸಿಬಿಟ್ರೆ ಜನ ಗೊಣಗ್ತಿದ್ರು.

ಕಾಫಿಪುಡಿ
ನಮ್ಮ ಟೀಮ್ ಲಂಚ್ ಒಣ ದಿನಾನೇ.

ಬಂಟ್ವಾಳದವ
ಒಂದು ವಿಷಯ ಹೇಳ್ಬೇಕು ಮಾರಾಯ್ರೆ. ಎಲ್ಲರೂ ರೈತ ಸ್ವತಃ ಹೋಗ್ತಿದ್ದ ಅಂತ ಲೆಕ್ಕ ಹಾಕ್ತಾ ಇದ್ದೀರಿ. ಚಾಕರಿ ಇದ್ದದ್ದು ಹಿಡುವಳಿಗೆ, ಆಳಿಗೆ ಅಲ್ಲ. ಮಗನನ್ನು ಕಳಿಸಿದ್ರೂ ಆಯ್ತು, ಕೂಲಿಯವನನ್ನು ಕಳಿಸಿದ್ರೂ ಆಯ್ತು. ಎಷ್ಟೋ ಕಡೆ ಒಂದು "ಕೆಲಸ" ಅಂದ್ರೆ ಮಧ್ಯಾಹ್ನದವರೆಗೆ ಮಾತ್ರ. ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ದಾರಿ ಕೂಡ ಉಂಟು. 30 ಎಕರೆ ಇದ್ದವ ಊರಲ್ಲಿ ಸಣ್ಣ ಜನ ಅಲ್ಲ, ಅವನ ಕೈಕೆಳಗೇ ಆಳುಗಳಿದ್ರು. ನಿಜವಾಗಿ ಸತ್ತವರು ಐದು ಎಕರೆಯೂ ಇಲ್ಲದ ಗುಡಿಸಲಿನವರು. ಅವರಿಗೆ ಚಾಕರಿ ಕಮ್ಮಿ, ಹಸಿವು ಜಾಸ್ತಿ.

ಹಳೇಕಡತ
ಅದು ಸರಿಯಾದ ಮಾತು. ಊರಿನ ಎಲ್ಲರೂ ವಿಲನ್‌ಗಳೂ ಅಲ್ಲ. 1279ರಲ್ಲಿ ಎಡ್ವರ್ಡ್ ರಾಜ ಮಾಡಿಸಿದ ಜಮೀನು ವಿಚಾರಣೆಯ ದಾಖಲೆ ಮಧ್ಯ ಇಂಗ್ಲೆಂಡಿನ ಕೆಲವು ಕೌಂಟಿಗಳಿಗೆ ಉಳಿದಿದೆ. ರಷ್ಯಾದ ಇತಿಹಾಸಕಾರ ಕೊಸ್ಮಿನ್ಸ್ಕಿ ಅದನ್ನ ಕೂಡಿಸಿ ನೋಡಿದಾಗ ಕೃಷಿಭೂಮಿಯಲ್ಲಿ ಹೆಚ್ಚುಕಮ್ಮಿ ಶೇ. 32 ಧಣಿಯ ಸ್ವಂತದ್ದು, ಶೇ. 40 ವಿಲನ್‌ಗಳದ್ದು, ಶೇ. 28 ಸ್ವತಂತ್ರ ಒಕ್ಕಲುಗಳದ್ದು ಅಂತ ಬಂತು. ಪಿರಮಿಡ್‌ನಲ್ಲಿ ಈ ಸ್ವತಂತ್ರ ಒಕ್ಕಲು ಎಲ್ಲಿ ಬರ್ತಾನೆ ಹೇಳಿ?

ಪಿರಮಿಡ್_ಪ್ರೇಮಿ
ಪಿರಮಿಡ್ ಮೇಲೆ ಯಾಕೆ ಎಲ್ಲರಿಗೂ ಸಿಟ್ಟು? ಮಕ್ಕಳಿಗೆ ಪಾಠ ಮಾಡೋನು ನಾನು. ನಲವತ್ತು ನಿಮಿಷದಲ್ಲಿ ರಾಜ ಭೂಮಿ ಕೊಡ್ತಾನೆ, ಪ್ರತಿಯಾಗಿ ನೈಟ್ ವರ್ಷಕ್ಕೆ 40 ದಿನ ಯುದ್ಧಸೇವೆ ಕೊಡ್ತಾನೆ ಅಂತ ಬೇರೆ ಹೇಗೆ ಹೇಳೋದು? 1086ರ ಡೂಮ್ಸ್‌ಡೇ ದಾಖಲೆಯೇ ಇದೆಯಲ್ಲ. ಯುದ್ಧದಲ್ಲಿ ಇಂಗ್ಲೆಂಡ್ ಗೆದ್ದ ರಾಜ ವಿಲಿಯಂ ಇಡೀ ದೇಶದ ಜಮೀನು ಯಾರ ಕೈಲಿದೆ, ಅವರು ಯಾರಿಂದ ಪಡೆದದ್ದು ಅಂತ ಬರೆಸಿದ. ಅದೇ ಪಿರಮಿಡ್ ಅಲ್ವೇ?

ಹಳೇಕಡತ
ಇಂಗ್ಲೆಂಡಿನಲ್ಲಿ ಗೆದ್ದ ರಾಜ ಒಂದೇ ಸಲ ಎಲ್ಲವನ್ನೂ ಹಂಚಿದ್ದರಿಂದ ಅಲ್ಲಿ ಅದು ತಕ್ಕಮಟ್ಟಿಗೆ ಹೊಂದುತ್ತೆ. ಅದನ್ನೇ ಇಡೀ ಯುರೋಪಿನ ಐನೂರು ವರ್ಷಕ್ಕೆ ಹೊದಿಸಿದಾಗ ತಕರಾರು. ಇತಿಹಾಸಕಾರ್ತಿಯರಾದ ಎಲಿಜಬೆತ್ ಬ್ರೌನ್ 1974ರಲ್ಲಿ, ಸೂಸನ್ ರೆನಾಲ್ಡ್ಸ್ 1994ರಲ್ಲಿ ಇದನ್ನೇ ವಾದಿಸಿದ್ರು. ನೀವು ಪಾಠದಲ್ಲಿ ತೋರಿಸೋ ಆ ಅಚ್ಚುಕಟ್ಟಾದ ವ್ಯವಸ್ಥೆಯನ್ನ ನಂತರದ ಕಾಲದ ವಕೀಲರು ಕೂತು ಜೋಡಿಸಿದ್ದು ಅಂತ. ಹಳ್ಳಿಯ ಮಟ್ಟಕ್ಕೆ ಬಂದ್ರೆ ಇನ್ನೂ ಗೋಜಲು. ಒಂದೇ ಹಳ್ಳಿಯಲ್ಲಿ ಎರಡು ಮೂರು ಮ್ಯಾನರ್ ಇರಬಹುದು, ಒಂದು ಮ್ಯಾನರ್ ನಾಕು ಹಳ್ಳಿಗೆ ಹರಡಿರಬಹುದು.

ಅಂದಹಾಗೆ ಡೂಮ್ಸ್‌ಡೇಯಲ್ಲಿ ಲೆಕ್ಕಕ್ಕೆ ಬಂದ ಜನರಲ್ಲಿ ಹತ್ತರಲ್ಲೊಬ್ಬ ಅಪ್ಪಟ ಗುಲಾಮ. ಅದು ಪಿರಮಿಡ್‌ನಲ್ಲಿ ಇರಲ್ಲ.

ಪಿರಮಿಡ್_ಪ್ರೇಮಿ
ಪರೀಕ್ಷೆಯಲ್ಲಿ ರೆನಾಲ್ಡ್ಸ್ ಬಗ್ಗೆ ಕೇಳಲ್ಲ ಮೇಡಂ. ನಾನು ಪಿರಮಿಡ್ಡೇ ಬರೆಸ್ತೀನಿ.

ಸಿನಿಮಾಹುಚ್ಚ
ಯಾರೂ ಮುಖ್ಯ ವಿಷಯಕ್ಕೆ ಬರ್ತಿಲ್ಲ. ಮದುವೆಯ ಮೊದಲ ರಾತ್ರಿ ಧಣಿಯ ಹಕ್ಕು ಅಂತ ಇತ್ತಲ್ಲ? ಹಾಲಿವುಡ್ ಪಿಕ್ಚರಲ್ಲೇ ತೋರಿಸಿದ್ದಾರೆ.

ಬಂಟ್ವಾಳದವ
ಪಿಕ್ಚರಲ್ಲಿ ಉಂಟು, ದಾಖಲೆಯಲ್ಲಿ ಇಲ್ಲ. ಸಾವಿರಾರು ಕೋರ್ಟ್ ಸುರುಳಿ ಉಳಿದಿವೆ, ದನ ಓಟ್ಸ್ ಹೊಲಕ್ಕೆ ನುಗ್ಗಿದ್ದನ್ನೂ ಬರೆದಿಟ್ಟ ಜನ ಇಂಥದ್ದೊಂದು ಹಕ್ಕು ಇದ್ದಿದ್ರೆ ಬರೀದೆ ಬಿಡ್ತಿದ್ರಾ?

ಸಿನಿಮಾಹುಚ್ಚ
ಬೆಂಕಿ ಇಲ್ದೆ ಹೊಗೆ ಬರುತ್ತಾ?

ಹಳೇಕಡತ
ಬೆಂಕಿ ಇತ್ತು, ಅದು ಬೇರೆ ಒಲೆಯದು. ವಿಲನ್ ಮಗಳ ಮದುವೆ ಮಾಡಬೇಕಾದ್ರೆ ಧಣಿಗೆ ಮರ್ಚೆಟ್ ಅನ್ನೋ ಹಣ ಕಟ್ಟಬೇಕಿತ್ತು. ಮದುವೆಯಾಗದೆ ಗಂಡಸಿನ ಜೊತೆ ಕೂಡಿದವಳಿಗೆ ಲೇರ್‌ವೈಟ್ ಅಂತ ದಂಡ. ಅಪ್ಪ ಸತ್ತರೆ ಮನೆಯ ಅತ್ಯುತ್ತಮ ಪ್ರಾಣಿ ಧಣಿಗೆ, ಅದು ಹೇರಿಯಟ್. ಅದರ ನಂತರದ ಒಳ್ಳೇ ಪ್ರಾಣಿಯನ್ನ ಎಷ್ಟೋ ಕಡೆ ಪಾದ್ರಿ ಹೊಡ್ಕೊಂಡು ಹೋಗ್ತಿದ್ದ. ಹೆಣ ಇನ್ನೂ ಹೊರಗೆ ಹೋಗಿಲ್ಲ, ಕೊಟ್ಟಿಗೆಯಿಂದ ಎರಡು ಕಟ್ಟು ಖಾಲಿ. ಊರು ಬಿಟ್ಟು ಬೇರೆ ಕಡೆ ಇರ್ತೀನಿ ಅಂದ್ರೆ ವರ್ಷಾವರ್ಷ ಇನ್ನೊಂದು ಕಾಣಿಕೆ.

ಇಷ್ಟೆಲ್ಲ ಬರಹದಲ್ಲಿ ಕಣ್ಣಿಗೆ ಹೊಡೆಯೋ ಹಾಗಿರುವಾಗ, ಇಲ್ಲದ ರಾತ್ರಿಯ ಕಥೆ ಯಾಕೆ ಬೇಕು ನಿಮಗೆ?

ಸಿನಿಮಾಹುಚ್ಚ
ಸರಿ ಸರಿ. ಪಿಕ್ಚರ್ ಮಾತ್ರ ಚೆನ್ನಾಗಿತ್ತು.

ರಾತ್ರಿಪಾಳಿ
ಇಷ್ಟು ಕಿತ್ಕೊಂಡ ಮೇಲೆ ಮನೆಗೆ ಏನು ಉಳೀತಿತ್ತು? ಇಳುವರಿ ಎಷ್ಟಿತ್ತು ಆಗ?

ಬಂಟ್ವಾಳದವ
ವಿಂಚೆಸ್ಟರ್ ಬಿಷಪ್ಪರ ಎಸ್ಟೇಟಿನ ಲೆಕ್ಕಪತ್ರ 1208-09ರಿಂದ ಸಿಗ್ತದೆ. ಗೋಧಿ ಒಂದು ಚೀಲ ಬಿತ್ತಿದ್ರೆ ಸುಮಾರು ನಾಲ್ಕು ಚೀಲ. ಅದರಲ್ಲಿ ಒಂದು ಮುಂದಿನ ವರ್ಷದ ಬೀಜಕ್ಕೆ. ಹತ್ತರಲ್ಲೊಂದು ಪಾಲು ಚರ್ಚಿಗೆ, ಅದು ಒಟ್ಟು ಬೆಳೆಯ ಮೇಲೆ, ಬೀಜ ಕಳೆದ ಮೇಲೆ ಅಲ್ಲ. ಕೈಯಲ್ಲಿ ಉಳಿದದ್ದು ಎರಡೂವರೆ ಚೀಲ ಚಿಲ್ಲರೆ. ಅದನ್ನ ಧಣಿಯ ಗಿರಣಿಯಲ್ಲೇ ಬೀಸಬೇಕು, ಅಲ್ಲೊಂದು ಪಾಲು ಕೊಡ್ಬೇಕು. ಜೊತೆಗೆ ಮೂರು ಹೊಲದಲ್ಲಿ ಒಂದು ಪ್ರತಿವರ್ಷ ಬೀಳು ಬಿಡ್ಬೇಕು.

ಎರಿಹೊಲ
ಒಂದಕ್ಕ ನಾಕು?! ನಮ್ಮ ಬಿಳಿಜ್ವಾಳ ಮಳಿ ಕೈಕೊಟ್ಟ ವರ್ಷನೂ ಇದಕ್ಕಿಂತ ಎಷ್ಟೋ ಮ್ಯಾಲ ಐತ್ರೀ. ಒಂದ ವರ್ಷ ಒಂದಕ್ಕ ಎರಡು ಬಂದ್ರ ಬೀಜಾ ತಿನ್ನಬೇಕೋ ಬಿತ್ತಬೇಕೋ?

ಹಳೇಕಡತ
ಅದೇ ಆಯ್ತು. 1315ರಲ್ಲಿ ಮಳೆ ನಿಲ್ಲಲೇ ಇಲ್ಲ, 1316ರಲ್ಲೂ ಅದೇ ಪಾಡು. ಬೆಳೆ ಹೊಲದಲ್ಲೇ ಕೊಳೀತು, ಹುಲ್ಲು ಒಣಗಲಿಲ್ಲ, ಉಪ್ಪು ಮಾಡೋಕೂ ಆಗಲಿಲ್ಲ. ಉತ್ತರ ಯುರೋಪಿನಲ್ಲಿ ಲಕ್ಷಾಂತರ ಜನ ಸತ್ತರು. ಅದು ತಣ್ಣಗಾಯ್ತು ಅನ್ನೋವಷ್ಟರಲ್ಲಿ ದನಗಳಿಗೆ ದೊಡ್ಡ ರೋಗ ಬಂತು.

ಮಲೆನಾಡ್_ಗಾಡಿ
ಧಣಿಯ ಗಿರಣಿಯಲ್ಲೇ ಬೀಸಬೇಕು ಅಂದ್ರಲ್ಲ, ಮನೇಲಿ ಬೀಸೋಕಲ್ಲು ಇಟ್ಕೊಂಡ್ರೆ?

ಲೀಡ್ಸ್_ಕನ್ನಡಿಗ
@ಮಲೆನಾಡ್_ಗಾಡಿ ಅದಕ್ಕೊಂದು ಕಥೆ ಇದೆ, ಕೂತು ಓದಿ.

ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಅಂತ ಊರು. ಅಲ್ಲಿನ ಧಣಿ ಯಾವ ನೈಟೂ ಅಲ್ಲ, ಊರಿನ ದೊಡ್ಡ ಮಠ. ಜನ ಮನೇಲಿ ಬೀಸೋಕಲ್ಲು ಇಟ್ಕೊಂಡು ಹಿಟ್ಟು ಮಾಡ್ಕೊಳ್ತಿದ್ರು, ಮಠದ ಗಿರಣಿಗೆ ಹೋಗ್ತಿರಲಿಲ್ಲ. 1327ರಲ್ಲಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಮಠಾಧಿಪತಿಯಾದ. ಸಾಮಾನ್ಯ ಮನುಷ್ಯ ಅಲ್ಲ, ಗಣಿತಜ್ಞ, ಖಗೋಳ ತೋರಿಸೋ ಅದ್ಭುತ ಗಡಿಯಾರ ಕಟ್ಟಿಸಿದವನು. ಅವನೇ ಜನರ ಮೇಲೆ ಮೊಕದ್ದಮೆ ಹಾಕಿ ಗೆದ್ದು, ಮನೆಮನೆಯ ಬೀಸೋಕಲ್ಲು ಕಿತ್ತು ತರಿಸಿ, ಅವನ್ನ ಮಠದ ಬೈಠಕ್ ಕೋಣೆಗೆ ನೆಲಹಾಸಾಗಿ ಹಾಕಿಸಿದ. ಮುಂದೆ ಬಂದ ಸನ್ಯಾಸಿಗಳೆಲ್ಲ ಆ ಕಲ್ಲಿನ ಮೇಲೇ ನಡೆದಾಡಿದ್ರು.

ಐವತ್ತು ವರ್ಷ ಆದ್ರೂ ಊರು ಅದನ್ನ ಮರೀಲಿಲ್ಲ. 1381ರ ಜೂನ್‌ನಲ್ಲಿ ರೈತದಂಗೆ ಎದ್ದಾಗ ಸೇಂಟ್ ಆಲ್ಬನ್ಸ್ ಜನ ಮಠಕ್ಕೆ ನುಗ್ಗಿ ಆ ನೆಲ ಅಗೆದ್ರು. ಕಲ್ಲು ಒಡೆದು ಚೂರು ಚೂರು ಮಾಡಿ, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚ್ತಾರಲ್ಲ, ಹಾಗೆ ಎಲ್ಲರಿಗೂ ಹಂಚಿ ಮನೆಗೆ ತಗೊಂಡು ಹೋದ್ರು. ಇದನ್ನ ಬರೆದಿಟ್ಟವನು ಅದೇ ಮಠದ ವಾಲ್ಸಿಂಗ್‌ಹ್ಯಾಮ್, ದಂಗೆಯವರನ್ನ ಕಂಡರಾಗದವನು.

ಮಂಡ್ಯದ_ಮಗ
ಮೈ ಜುಂ ಅಂತು ಕಣಣ್ಣೋ. ಆಮೇಲೆ ಏನಾಯ್ತು?

ಲೀಡ್ಸ್_ಕನ್ನಡಿಗ
ಆಗೋದೇ ಆಯ್ತು. ಊರಿನ ನಾಯಕ ವಿಲಿಯಂ ಗ್ರಿಂಡ್‌ಕಾಬ್‌ನನ್ನ ಗಲ್ಲಿಗೆ ಹಾಕಿದ್ರು. ದಂಗೆಯ ಉಪದೇಶಕ ಜಾನ್ ಬಾಲ್‌ನನ್ನೂ ಜುಲೈ 15ಕ್ಕೆ ಅದೇ ಊರಲ್ಲಿ ಕೊಂದ್ರು.

ಮಲೆನಾಡ್_ಗಾಡಿ
ಇದನ್ನ ಓದಿ ನಮ್ಮ ಸಾಗರದ ಕಡೆಯ ಕಾಗೋಡು ಸತ್ಯಾಗ್ರಹ ನೆನಪಾಯ್ತು. 1951ರದ್ದು. ಅಲ್ಲಿ ಜಗಳ ಹತ್ತಿಕೊಂಡಿದ್ದೇ ಗೇಣಿ ಅಳೆಯೋ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು, ಗೇಣಿದಾರರು ಒಪ್ಪಲಿಲ್ಲ. ಲೋಹಿಯಾ ಬಂದು ಸೆರೆಯಾದ್ರು. 1974ರ ತಿದ್ದುಪಡಿ ಬಂದು ಉಳುವವನಿಗೆ ಭೂಮಿ ಅಂತ ಆಗೋಕೆ ಅಲ್ಲಿಂದ ಇಪ್ಪತ್ತು ವರ್ಷದ ಮೇಲೆ ಬೇಕಾಯ್ತು. ಇಂಗ್ಲೆಂಡಲ್ಲೂ ಅಳತೆ ಜಗಳ ಇತ್ತಾ?

ಬಂಟ್ವಾಳದವ
ಇಲ್ದೆ ಎಂತ? 1215ರ ಮ್ಯಾಗ್ನಾ ಕಾರ್ಟಾದಲ್ಲೇ ಒಂದು ಕಲಂ ಉಂಟು, ಧಾನ್ಯಕ್ಕೂ ಏಲ್‌ಗೂ ದೇಶಕ್ಕೆಲ್ಲ ಒಂದೇ ಅಳತೆ ಇರ್ಬೇಕು ಅಂತ. ಕಾಗದದಲ್ಲಿ ಬಂದ ಮೇಲೂ ಊರೂರಿಗೆ ಬೇರೆ ಅಳತೆ ಶತಮಾನಗಟ್ಟಲೆ ನಡೀತು, ರಾಶಿ ಏರಿಸಿ ಅಳೆಯೋದೋ ಕೋಲಲ್ಲಿ ಸವರಿ ಅಳೆಯೋದೋ ಅನ್ನುವ ಜಗಳ ಸಮೇತ.

ಗಡಿನಾಡು
ಸ್ವಲ್ಪ ನಿಲ್ಲಿ. ಕಾಗೋಡು ಬೇರೆ, ಸೇಂಟ್ ಆಲ್ಬನ್ಸ್ ಬೇರೆ. ನಮ್ಮಲ್ಲಿ ಜಾತಿ ಇತ್ತು, ಅಲ್ಲಿ ಇರಲಿಲ್ಲ. ಭಾರತದಲ್ಲಿ ಊಳಿಗಮಾನ್ಯ ಇತ್ತು ಅಂತ ಇತಿಹಾಸಕಾರ ಆರ್.ಎಸ್. ಶರ್ಮಾ, ಇರಲೇ ಇಲ್ಲ ಅಂತ ಇನ್ನೊಬ್ಬ ಇತಿಹಾಸಕಾರ ಹರ್ಬನ್ಸ್ ಮುಖಿಯಾ. ಆ ಜಗಳವೇ ಇನ್ನೂ ಮುಗಿದಿಲ್ಲ. ಎಲ್ಲಕ್ಕೂ ಒಂದೇ ಹಣೆಪಟ್ಟಿ ಹಚ್ಚಬೇಡಿ.

ಮಲೆನಾಡ್_ಗಾಡಿ
ಹಣೆಪಟ್ಟಿ ಹಚ್ಚಿಲ್ಲ ಮಾರಾಯಾ, ನೆನಪಾಯ್ತು ಅಂದೆ ಅಷ್ಟೇ. ನೆನಪಿಗೂ ಪರ್ಮಿಷನ್ ಬೇಕಾ?

ಗಡಿನಾಡು
ಬೇಡ. ಆದ್ರೆ ವಿಲನ್ ಊರು ಬಿಟ್ಟು ಪಟ್ಟಣ ಸೇರಿ ಒಂದು ವರ್ಷ ಒಂದು ದಿನ ಕಳೆದ್ರೆ ಎಷ್ಟೋ ಪಟ್ಟಣಗಳಲ್ಲಿ ಸ್ವತಂತ್ರ ಅಂತ ಲೆಕ್ಕ. ನಮ್ಮ ಹೊಲಗೇರಿಯವನು ಪಟ್ಟಣಕ್ಕೆ ಹೋದ್ರೆ ಜಾತಿ ಬಿಡ್ತಿತ್ತಾ? ಆ ವ್ಯತ್ಯಾಸ ನೆನಪಿರಲಿ ಅಂತ ಹೇಳಿದ್ದು.

ರಾತ್ರಿಪಾಳಿ
ಇದು ಒಳ್ಳೇ ಪಾಯಿಂಟು. ಹಾಗಾದ್ರೆ ಅಲ್ಲಿ ಈ ಬಿಟ್ಟಿ ಚಾಕರಿ ನಿಂತಿದ್ದು ಯಾವಾಗ? 1381ರಲ್ಲಿ ಸೋತ್ರು ಅಂತೀರಿ.

ಹಳೇಕಡತ
ಸೋತ್ರು, ಆದ್ರೂ ಧಣಿಗಳು ಗೆಲ್ಲಲಿಲ್ಲ. ನಿಜವಾದ ಪೆಟ್ಟು ಬಿದ್ದಿದ್ದು 1348ರಲ್ಲಿ. ಪ್ಲೇಗ್ ಬಂದು ಒಂದೂವರೆ ವರ್ಷದಲ್ಲಿ ಮೂರರಲ್ಲೊಬ್ಬ, ಕೆಲವರ ಪ್ರಕಾರ ಇಬ್ಬರಲ್ಲೊಬ್ಬ ಸತ್ತ. ಮೊನ್ನೆವರೆಗೆ ಒಂದೆಕರೆಗೆ ಬಾಯಿ ಬಿಡ್ತಿದ್ದವನು ಈಗ "ಎಷ್ಟು ಕೊಡ್ತೀಯಾ?" ಅಂತ ಕೇಳೋಕೆ ಶುರು ಮಾಡಿದ. ಸರ್ಕಾರ ಗಾಬರಿ ಬಿತ್ತು. 1349ರಲ್ಲಿ ಆಜ್ಞೆ, 1351ರಲ್ಲಿ ಕಾಯ್ದೆ, ಪ್ಲೇಗಿಗೆ ಮುಂಚಿನ ಕೂಲಿಗಿಂತ ಜಾಸ್ತಿ ಕೇಳಬಾರದು, ಕೊಡಲೂಬಾರದು. ಆಗಸ್ಟ್ ಮೊದಲ ವಾರ ಕೊಯ್ಯೋರಿಗೆ ದಿನಕ್ಕೆ ಎರಡು ಪೆನ್ನಿ, ಎರಡನೇ ವಾರದಿಂದ ಮೂರು. ಒಪ್ಪದವನ ಕಾಲಿಗೆ ಕೋಳ, ಅದಕ್ಕೆ ಊರೂರಲ್ಲೂ ಕೋಳದ ಮರ ಮಾಡಿಸಿಡಿ ಅಂತಲೂ ಕಾಯ್ದೆಯಲ್ಲೇ ಬರೆದಿದೆ.

ಅದರ ಮೇಲೆ ತಲೆಗಂದಾಯ. ಹದಿನೈದು ದಾಟಿದ ಪ್ರತಿಯೊಬ್ಬರಿಗೂ 12 ಪೆನ್ನಿ. ಲೆಕ್ಕ ಹಾಕಿ, ಕೊಯ್ಲಿನ ನಾಕೈದು ದಿನದ ಕೂಲಿ. 1381ರ ಮೇ ಕೊನೆಗೆ ಎಸೆಕ್ಸ್‌ನಲ್ಲಿ ಹೊತ್ತಿಕೊಳ್ತು. ಜೂನ್ 14ಕ್ಕೆ ಲಂಡನ್ ಪಕ್ಕದ ಮೈಲ್ ಎಂಡ್‌ನಲ್ಲಿ ಹದಿನಾಲ್ಕು ವರ್ಷದ ರಾಜನ ಮುಂದೆ ಜನ ಕೇಳಿದ್ದು ಜೀತ ಹೋಗಬೇಕು, ಎಕರೆಗೆ ನಾಕು ಪೆನ್ನಿಗಿಂತ ಹೆಚ್ಚು ಗೇಣಿ ಇರಬಾರದು ಅಂತ. ಹುಡುಗ ಹೂಂ ಅಂದ. ಮರುದಿನ ಸ್ಮಿತ್‌ಫೀಲ್ಡ್‌ನಲ್ಲಿ ನಾಯಕ ವಾಟ್ ಟೈಲರ್ ಕೊಲೆಯಾದ, ಜುಲೈ ಹೊತ್ತಿಗೆ ರಾಜ ಕೊಟ್ಟ ಮಾತನ್ನೆಲ್ಲ ವಾಪಸ್ ತಗೊಂಡ.

ನನಗೆ ಇದರಲ್ಲಿ ಇಷ್ಟವಾದದ್ದು ಒಂದೇ. ಹೋದಕಡೆಯಲ್ಲೆಲ್ಲ ದಂಗೆಯವರು ಹುಡುಕಿ ಹುಡುಕಿ ಸುಟ್ಟಿದ್ದು ಮ್ಯಾನರ್ ಕೋರ್ಟಿನ ಸುರುಳಿಗಳನ್ನ. ತಾವು ಬಂಧಿತರು ಅಂತ ಬರೆದಿರೋದು ಎಲ್ಲಿ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಂಟ್ವಾಳದವ
ಅದೇ ಸುರುಳಿಯ ನಕಲು ಮುಂದೆ ರೈತನ ರಕ್ಷಣೆಗೂ ಬಂತು, ಅದನ್ನೂ ಹೇಳಿ. ಆಳಿನ ಕೊರತೆಯಿಂದ ಧಣಿಗಳು ಚಾಕರಿ ಬಿಟ್ಟು ನಗದು ಗೇಣಿಗೆ ಒಪ್ಪಿದ್ರು. ಕೋರ್ಟಿನ ಸುರುಳಿಯಲ್ಲಿ ಬರೆದದ್ದರ ನಕಲೇ ರೈತನ ಹಕ್ಕುಪತ್ರ ಆಯ್ತು, ಕಾಪಿಹೋಲ್ಡ್ ಅಂತ. ಅದು ಕಾನೂನಿನಿಂದ ಹೋದದ್ದು 1926ರಲ್ಲಿ. ಜೀತವನ್ನ ಒಂದು ಕಾಯ್ದೆಯಿಂದ ತೆಗೆದದ್ದೇ ಇಲ್ಲ ಇಂಗ್ಲೆಂಡಿನಲ್ಲಿ, ತಾನಾಗಿ ಸವೆದು ಹೋಯ್ತು. 1574ರಲ್ಲೂ ಎಲಿಜಬೆತ್ ರಾಣಿ ತನ್ನ ಜಮೀನುಗಳಲ್ಲಿ ಉಳಿದ ಜೀತದವರನ್ನ ಬಿಡುಗಡೆ ಮಾಡ್ಲಿಕ್ಕೆ ಆಯೋಗ ನೇಮಿಸಿದ್ಳು. ಬಿಟ್ಟಿ ಅಲ್ಲ, ದುಡ್ಡು ತಗೊಂಡು.

ಮಂಡ್ಯದ_ಮಗ
ಸ್ವಾತಂತ್ರ್ಯನೂ ಈಎಂಐ ಮ್ಯಾಲೆ.

ಲೀಡ್ಸ್_ಕನ್ನಡಿಗ
ಇನ್ನೂ ಇತ್ತೀಚಿನದು ಬೇಕಾ? ಇಂಗ್ಲಿಷ್ ಕಾಲುವೆಯಲ್ಲಿ ಸಾರ್ಕ್ ಅನ್ನೋ ಪುಟ್ಟ ದ್ವೀಪ. ಅಲ್ಲಿ 2008ರ ಡಿಸೆಂಬರ್‌ವರೆಗೆ ಪೂರ್ತಿ ಚುನಾಯಿತ ಸಭೆಯೇ ಇರಲಿಲ್ಲ, ಹಳೇ ಹಿಡುವಳಿದಾರರಿಗೆ ಸಭೆಯಲ್ಲಿ ತಾವಾಗಿಯೇ ಸೀಟು. ಆಗ ದ್ವೀಪದ ಧಣಿಗೆ ಮಾತ್ರ ಪಾರಿವಾಳ ಸಾಕೋ ಹಕ್ಕಿತ್ತು, ಮರಿ ಹಾಕೋ ಹೆಣ್ಣುನಾಯಿ ಸಾಕೋ ಹಕ್ಕೂ ಅವನೊಬ್ಬನಿಗೇ ಇತ್ತು. ಕಾರು ಇಲ್ಲ, ಟ್ರಾಕ್ಟರು ಕುದುರೆಗಾಡಿ ಅಷ್ಟೇ.

ಕಾಫಿಪುಡಿ
ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಇದನ್ನ ತೋರಿಸಬೇಡಿ. ನಾಯಿ ವಿಷಯದಲ್ಲಿ ಐಡಿಯಾ ಬಂದುಬಿಡುತ್ತೆ.

ಅಡುಗೆಮನೆ_ಅಕ್ಕ
ಗಂಡಸರ ನೇಗಿಲು ಕತ್ತಿಯ ಮಾತೇ ಆಯ್ತು. ಮನೆ ಹೇಗಿತ್ತು, ಏನು ತಿಂತಿದ್ರು?

ಲೀಡ್ಸ್_ಕನ್ನಡಿಗ
ಅಕ್ಕ, ಧಣಿಯ ಮನೆ ನೋಡಬೇಕಾದ್ರೆ ಶ್ರಾಪ್‌ಶೈರ್‌ನ ಸ್ಟೋಕ್‌ಸೇಗೆ ಹೋಗಿ. ಲಾರೆನ್ಸ್ ಆಫ್ ಲಡ್ಲೋ ಅನ್ನೋ ಉಣ್ಣೆ ವ್ಯಾಪಾರಿ 1280ರ ದಶಕದಲ್ಲಿ ಕಟ್ಟಿಸಿದ್ದು. ದೊಡ್ಡ ಹಜಾರದ ನಡುವೆ ನೆಲದ ಮೇಲೇ ಎಂಟು ಮೂಲೆಯ ಒಲೆಕಟ್ಟೆ, ಚಿಮಣಿ ಇಲ್ಲ, ಹೊಗೆ ಮೇಲೆ ತೊಲೆಗಳ ಕಡೆ ಹೋಗಬೇಕು. ನಾನು ಚಳಿಗಾಲದಲ್ಲಿ ಹೋಗಿದ್ದೆ, ಕೋಟು ಹಾಕಿದ್ರೂ ಹಲ್ಲು ಕಟಕಟ. ಶ್ರೀಮಂತನ ಮನೆಯೇ ಹೀಗಾದ್ರೆ ಬಡವನದು ಕೇಳಬೇಡಿ. ಪಕ್ಕದಲ್ಲಿ ಮೆಟ್ಟಿಲೇರಿದ್ರೆ ಧಣಿ ಕುಟುಂಬದ ಖಾಸಗಿ ಕೋಣೆ, ಅಲ್ಲಿಂದ ಹಜಾರದಲ್ಲಿ ಏನು ನಡೀತಿದೆ ಅಂತ ಇಣುಕಿ ನೋಡೋಕೆ ಸಣ್ಣ ಕಿಂಡಿಗಳು.

ಕಾಫಿಪುಡಿ
ಮೊದಲ ಸಿಸಿಟಿವಿ.

ಹಳೇಕಡತ
@ಅಡುಗೆಮನೆ_ಅಕ್ಕ ರೈತನ ಮನೆಯಲ್ಲಿ ದಿನವಿಡೀ ಕುದಿಯೋದು ಪಾಟೇಜ್, ಬಟಾಣಿ, ಅವರೆ ಜಾತಿಯ ಕಾಳು, ಕೋಸು, ಈರುಳ್ಳಿ, ಬಾರ್ಲಿ ಎಲ್ಲ ಹಾಕಿದ ಗಟ್ಟಿ ಸಾರು. ರೊಟ್ಟಿ ಬಿಳಿ ಗೋಧಿದಲ್ಲ, ರೈ ಇಲ್ಲಾ ಬಾರ್ಲಿಯದು.

ಏಲ್ ಮಾಡಿ ಮಾರ್ತಿದ್ದವರು ಬಹುಪಾಲು ಹೆಂಗಸರು. ಏಲ್‌ನ ಬೆಲೆ ಗುಣಮಟ್ಟಕ್ಕೆ ಕಾನೂನಿತ್ತು, ಮುರಿದ್ರೆ ದಂಡ. ಸುರುಳಿ ನೋಡಿದ್ರೆ ಅದೇ ಹೆಂಗಸರು ಪ್ರತಿ ಕೋರ್ಟಿನಲ್ಲೂ ದಂಡ ಕಟ್ಟಿದ್ದಾರೆ. ಅಂದ್ರೆ ಅದು ದಂಡ ಅಲ್ಲ, ಲೈಸೆನ್ಸ್ ಫೀಸು. ಗಂಡ ಸತ್ತವಳಿಗೆ ಊರಿನ ರೂಢಿ ಪ್ರಕಾರ ಹಿಡುವಳಿಯ ಮೂರನೇ ಒಂದು ಪಾಲೋ ಅರ್ಧವೋ ಕೆಲವು ಕಡೆ ಪೂರ್ತಿಯೋ ಬರ್ತಿತ್ತು. ಚಾಕರಿಯೂ ಅದರ ಬೆನ್ನಿಗೇ ಬರ್ತಿತ್ತು ಅನ್ನಿ.

ಅಡುಗೆಮನೆ_ಅಕ್ಕ
ಮನೇಲಿ ಮದ್ಯ ಕಾಯಿಸೋಳಿಗೆ ದಂಡ, ಕುಡಿದೋನಿಗೆ ಇಲ್ಲ. ಇರ್ಲಿ ಬಿಡಿ.

ಎರಿಹೊಲ
ಈ ಮೂರು ಹೊಲದ ಪದ್ಧತಿ ಇವತ್ತಿಗೂ ಎಲ್ಲೆರ ಉಳದೈತೇನ್ರೀ?

ಲೀಡ್ಸ್_ಕನ್ನಡಿಗ
@ಎರಿಹೊಲ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್‌ನಲ್ಲಿ ಉಳಿದಿದೆ. ಮೂರು ದೊಡ್ಡ ಬಯಲು, ನಡುವೆ ಬೇಲಿ ಇಲ್ಲ, ಒಬ್ಬೊಬ್ಬ ರೈತನಿಗೂ ಅಲ್ಲಲ್ಲಿ ಚದುರಿದ ಉದ್ದನೆ ಪಟ್ಟಿಗಳು. ಪ್ರತಿವರ್ಷ ನವೆಂಬರ್ ಕೊನೆಗೆ ಊರಿನ ಜ್ಯೂರಿ ಹೊಲ ಸುತ್ತಿ ಗೂಟ ಹೊಡೀತಾರೆ, ಪಕ್ಕದವನ ಗಡಿ ಮೀರಿ ಉತ್ತವನಿಗೆ ಮ್ಯಾನರ್ ಕೋರ್ಟಿನಲ್ಲಿ ದಂಡ. ನಾಟಕ ಅಲ್ಲ, ಆ ಕೋರ್ಟಿಗೆ ಇವತ್ತಿಗೂ ಕಾನೂನಿನ ಮಾನ್ಯತೆ ಇದೆ.

ಎರಿಹೊಲ
ಬದು ಒತ್ತಿದಾಂವಗ ಅದ ವರ್ಷ ದಂಡ! ನಮ್ಮ ಬದುವಿನ ಕೇಸು ಅಪ್ಪನ ಕಾಲದಿಂದ ನಡದೈತಿ, ಬರೀ ತಾರೀಖು. ದನ ಬಂದು ಮೇಯ್ದರ ಏನ ಮಾಡ್ತಾರ್ರೀ ಅಲ್ಲೆ?

ಲೀಡ್ಸ್_ಕನ್ನಡಿಗ
ಊರಲ್ಲಿ ಒಂದು ದೊಡ್ಡಿ ಇದೆ, ಹಿಂದೆ ತಪ್ಪಿಸಿಕೊಂಡ ದನ ಕುರಿ ಅದರಲ್ಲಿ ಕೂಡ್ತಿದ್ರು. ದಂಡ ಕಟ್ಟಿದ್ರೆ ಬಿಡುಗಡೆ. ಹಳೇ ಸುರುಳಿಗಳಲ್ಲಿ ಹಾಗೆ ಕಟ್ಟಿದ ದಂಡ ಸಾಮಾನ್ಯವಾಗಿ ಎರಡು, ಮೂರು, ಆರು ಪೆನ್ನಿ. ನಮ್ಮೂರ ಹತ್ತಿರದ ವೇಕ್‌ಫೀಲ್ಡ್ ಮ್ಯಾನರಿನ ಸುರುಳಿಗಳು 1274ರಿಂದ 1925ರವರೆಗೆ ಇವೆ, ಹೆಚ್ಚಿನವು ಇಲ್ಲೇ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ. ಒಂದಷ್ಟು ಇಂಗ್ಲಿಷ್ ಅನುವಾದವೂ ಆಗಿವೆ.

ಎರಿಹೊಲ
ನಮ್ಮೂರಾಗೂ ಕೊಂಡವಾಡ ಇತ್ರೀ. ಈಗ ಅದರ ಗ್ವಾಡಿ ಬಿದ್ದು ಅಲ್ಲೇ ಪಂಚಾಯ್ತಿಯವರು ಕಸದ ಗಾಡಿ ನಿಲ್ಲಿಸ್ತಾರ. ಬಾಜೂ ಹೊಲದಾಂವನ ಎಮ್ಮಿ ನಿನ್ನಿನೂ ನಮ್ಮ ಕಡ್ಲಿಯೊಳಗ ಇತ್ತು. ಆರು ಪೆನ್ನಿ ಅಂದ್ರ ಈಗಿನ ಎಷ್ಟ ರೂಪಾಯಿ ಆಗ್ತಾವು, ಯಾರರ ಲೆಕ್ಕಾ ಹಾಕಿ ಹೇಳ್ರಿ.